ಚೆಕ್ಕುಬಂದಿ

ಪಾಂಡವಪುರದ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿಗೆ
ಇಪ್ಪತ್ತೆಂಟು ವರ್ಷದಿಂದ ನನ್ನ ಮೇಜು.
ಮೊದಲು ಮಸಿ, ಆಮೇಲೆ ಟೈಪು, ಈಗ ಕಂಪ್ಯೂಟರು.
ದಾನಪತ್ರದ ಮಾತು ಮಾತ್ರ ಅದೇ:
‘ನನ್ನ ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ,
ನಿಮ್ಮ ಮೇಲಿನ ಪ್ರೀತಿ ವಿಶ್ವಾಸಗಳಿಂದ’

ಅಲ್ಲಿಗೆ ತಡೆದಳು ಪುಟ್ಟಗೌರಮ್ಮ.
‘ಪ್ರೀತಿ ಅಂತ ಬರೀಬ್ಯಾಡ ಕಣಪ್ಪ.
ಸುಳ್ಳಿಗೆ ಎಬ್ಬೆಟ್ಟು ಒತ್ತಾಕಿಲ್ಲ ನಾನು.’

ಬೆಂಚಿನ ಆ ತುದಿಗೆ ದೇವೀರಮ್ಮ.
ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು.
ಬೇರೆ ಯಾರದ್ದೋ ಕೆಲಸಕ್ಕೆ ಜೊತೆ ಬಂದವಳ ಹಾಗೆ
ನೆಲ ನೋಡುತ್ತಿದ್ದಳು.

ಸಂಬಂಧ ಏನು ಅಂತ ಹಾಕಲಿ?
ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುವುದಿಲ್ಲ.
‘ಸವತಿ’ ಅಂದಳು,
ಸೊಪ್ಪಿನ ಕಟ್ಟಿಗೆ ಬೆಲೆ ಹೇಳಿದಷ್ಟು ಸಲೀಸಾಗಿ.

ಪಟ್ಟಿಯಲ್ಲಿ ಮಗಳಿದ್ದಾಳೆ, ಸೊಸೆಯಿದ್ದಾಳೆ,
ಅಕ್ಕತಂಗಿಯರಿದ್ದಾರೆ. ಅವರಿಗಾದರೆ ಮುದ್ರಾಂಕ ಶುಲ್ಕ ಅಗ್ಗ.
ಸವತಿ ಎಂದರೆ ಹೊರಗಿನವರ ಲೆಕ್ಕ, ಪೂರ್ತಿ ಕಟ್ಟಬೇಕು.
‘ತಂಗಿ ಅಂತ ಹಾಕಿಬಿಡಲಾ?’ ಅಂದೆ, ಮೆಲ್ಲಗೆ.
ಈ ಮೇಜಿನ ಮೇಲೆ ಎಷ್ಟೋ ಜನ
ಅಣ್ಣತಮ್ಮಂದಿರಾಗಿ ಎದ್ದುಹೋಗಿದ್ದಾರೆ.
‘ಮೂವತ್ತು ವರ್ಸ ತಂಗಿ ಅನ್ನಲಿಲ್ಲ.
ದುಡ್ಡು ಉಳಿಸೋಕೆ ಇವತ್ತು ಅನ್ನಲಾ?’
ಎಮ್ಮೆ ಮಾರಿದ ದುಡ್ಡು ತೆಗೆದಿಟ್ಟಳು,
ಒಂದಕ್ಕೊಂದು ಅಂಟಿಕೊಂಡ ನೋಟು,
ನಾನೇ ಬಿಡಿಸಿ ಎಣಿಸಿದೆ.

ನನ್ನ ಧರ್ಮ, ಹೇಳಿದೆ:
ಒಂದು ಸಲ ಕೊಟ್ಟರೆ ವಾಪಸು ಕೇಳುವ ಹಾಗಿಲ್ಲ.
ಉಯಿಲು ಬರೆಸಿ, ಮನಸ್ಸು ತಿರುಗಿದರೆ ಹರಿಯಬಹುದು.
‘ಸತ್ತ ಮೇಲೆ ಕೊಟ್ರೆ ಕೊಟ್ಟೋಳು ನಾನಾ?
ತಗೊಳ್ಳುವಾಗ ಇವಳ ಮಕ ಎಂಗಿರ್ತದೆ,
ನೋಡ್ಬೇಕು ನಾನು.’

ಹಾಗಾದರೆ ಕಾರಣ?
‘ಯಜಮಾನ ಸತ್ತ ಅನ್ನೊಂದನೇ ದಿನ
ನಮ್ಮ ಮೈದುನ ಇವಳ ಟ್ರಂಕು ತಂದು ಬೀದಿಗಿಟ್ಟ.
ಎತ್ಕೊಂಡು ಹೊಂಟೇಬಿಟ್ಲು, ಒಂದು ಮಾತಿಲ್ಲ.
ನಾಲೆ ಏರಿ ಮೇಲೆ ಅಷ್ಟು ದೂರ ಹೋದೋಳು
ಟ್ರಂಕು ಅಲ್ಲೇ ಬಿಟ್ಟು ಓಡೋಡಿ ಬಂದ್ಲು.
ಒಲೆ ಮೇಲೆ ಆಲಿಟ್ಟಿದ್ದೆ ಕಣಕ್ಕ, ಉಕ್ತದೆ ಅಂತ.
ಅಷ್ಟೇಯ. ಬರ್ಕೊ ಅದನ್ನ.’

ಅದನ್ನು ಬರೆಯುವ ಮಾದರಿ ನನ್ನಲ್ಲಿಲ್ಲ.
‘ಪ್ರತಿಫಲಾಪೇಕ್ಷೆ ಇಲ್ಲದೆ’ ಎಂದು ಬರೆದೆ.

ಷೆಡ್ಯೂಲು. ತವರಿನಿಂದ ಬಂದ ಒಂದೆಕರೆಯ ಪೈಕಿ
ಹದಿನಾಲ್ಕು ಗುಂಟೆ, ಹನ್ನೊಂದು-ಇ ನಕ್ಷೆಯಂತೆ.
ಪೂರ್ವಕ್ಕೆ ನಾಲೆ. ಉತ್ತರಕ್ಕೆ ಗಾಡಿಜಾಡು.
ದಕ್ಷಿಣಕ್ಕೆ ಕುಳ್ಳಸಿದ್ದಯ್ಯನವರ ಗದ್ದೆ.
ಪಶ್ಚಿಮಕ್ಕೆ ದಾನಿಯು ಉಳಿಸಿಕೊಂಡ ಜಮೀನು.
‘ಅಂದ್ರೆ ಪಡುವಲಿಗೆ ನಾನು’ ಅಂದಳು ಪುಟ್ಟಗೌರಮ್ಮ.
ಹೌದು, ಇನ್ನು ಮುಂದೆ ನಿಮ್ಮ ಪತ್ರದಲ್ಲಿ
ಮೂಡಲಿಗೆ ಅವರು.
ಅದನ್ನು ಎರಡು ಸಲ ಓದಿಸಿಕೊಂಡಳು.

ಒಳಗೆ ಕ್ಯಾಮೆರಾ, ಬೆರಳಿನ ಯಂತ್ರ.
ಸಾಹೇಬರು ದೇವೀರಮ್ಮನನ್ನು ಕೇಳಿದರು:
ದಾನವನ್ನು ಒಪ್ಪಿಕೊಂಡಿದ್ದೀರಾ?
ಬೆಳಗಿನಿಂದ ಮೊದಲ ಸಲ ಬಾಯಿಬಿಟ್ಟಳು,
ಸಾಹೇಬರಿಗಲ್ಲ:
‘ನೀರಿನ ಸರದಿ ನಡುರಾತ್ರಿ ಬಂದ್ರೆ
ಯಾರು ಏಳೋದು?’
‘ನಂಗೆಲ್ಲಿ ನಿದ್ದೆ. ನಾನೇ ಏಳ್ತೀನಿ.
ನಿನ್ನ ಮಡಿಕೂ ತಿರುಗಿಸ್ತೀನಿ, ಬಿದ್ಕೊ.’
ಹೌದೋ ಇಲ್ಲವೋ ಅಷ್ಟು ಹೇಳಿ ಅಂದರು ಸಾಹೇಬರು.
‘ಹೂಂ.’

ಮೂರೂವರೆಯ ಚಿನಕುರಳಿ ಬಸ್ಸು ಹತ್ತಿದರು.
ಒಬ್ಬಳು ಮುಂದೆ, ಒಬ್ಬಳು ಹಿಂದೆ.
ಟಿಕೇಟು ಯಾರು ತೆಗೆದರೋ ನೋಡಲಿಲ್ಲ.

ಸಂಜೆ ನಕಲು ಪ್ರತಿ ಕಡತಕ್ಕೆ ಸೇರಿಸುವಾಗ ಕಂಡದ್ದು:
ಅವಳ ಮಾತಿಗೆ ‘ಪ್ರೀತಿ’ ಅಳಿಸಿದ್ದೆ,
ಮುಂದಿನ ಪದ ತಿದ್ದಲು ಮರೆತಿದ್ದೆ.
‘ವಿಶ್ವಾಸಗಳಿಂದ’ ಎಂದೇ
ನೋಂದಣಿಯಾಗಿಹೋಗಿದೆ,
ಬಹುವಚನದಲ್ಲಿ.