ಕೊಸರು

ಮನೆಯಲ್ಲಿ ಉಳಿದಿರುವುದು ಇದೊಂದೇ ಹಳೆಯ ಫೋಟೊ.
ಆದವಾನಿಯ ಹತ್ತಿ ಮಾರ್ಕೆಟ್ಟು, ಅಮಾವಾಸ್ಯೆಯ ರಜೆ.
ಆಳೆತ್ತರದ ತಕ್ಕಡಿಯ ಒಂದು ತಟ್ಟೆಯಲ್ಲಿ
ಎರಡೂ ಕೈಲಿ ಸರಪಳಿ ಹಿಡಿದು ಕೂತಿದ್ದಾಳೆ
ಅಜ್ಜಿ, ಹುಲಿಗೆಮ್ಮ.
ಆಚೆ ತಟ್ಟೆಯಲ್ಲಿ ಕಬ್ಬಿಣದ ಕಲ್ಲುಗಳು.

ತುಲಾಭಾರವಲ್ಲ. ಹರಕೆಯೂ ಅಲ್ಲ.
ವಿಷಮಜ್ವರ ಬಿಟ್ಟು ಮೂರು ತಿಂಗಳಾಗಿತ್ತು,
ತೂಕ ಏರಬೇಕು ಅಂದಿದ್ದರಂತೆ ದವಾಖಾನೆಯಲ್ಲಿ.
ಬೇರೆಯವರ ತಕ್ಕಡಿಯನ್ನು ಅಜ್ಜ ನಂಬುತ್ತಿರಲಿಲ್ಲ,
ಡಾಕ್ಟರದಾದರೂ.

ಮಸ್ತಾನ್ ಸಾಬರು ಕರಿಬಟ್ಟೆಯೊಳಗಿಂದ
ಇಟು ಚೂಡಂಡಿ ಅಂದರಂತೆ, ಇಧರ್ ದೇಖೋ ಅಂದರಂತೆ,
ಕೊನೆಗೆ, ಅಯ್ಯೋ, ಇತ್ತ ನೋಡ್ರಪ್ಪಾ!
ಯಾರೂ ನೋಡಿಲ್ಲ.
ಅಜ್ಜ, ಸಾಲಾಗಿ ಮಕ್ಕಳು, ಕಂಕುಳ ಕೂಸು ಕೂಡ
ಕತ್ತೆತ್ತಿ ನೋಡುತ್ತಿರುವುದು ತಕ್ಕಡಿಯ ಮುಳ್ಳನ್ನು.
ಕ್ಯಾಮೆರಾಕ್ಕೆ ಮುಖ ಕೊಟ್ಟವಳು ಅಜ್ಜಿ ಒಬ್ಬಳೇ,
ಇವರೆಲ್ಲರ ಪರವಾಗಿ ತಪ್ಪಾಯಿತು ಅನ್ನುವ ಹಾಗೆ.

ನಾವು ಇಂಥವರು.
ಮದುವೆಮನೆಯಲ್ಲೂ ಮೊದಲು ತಾಳಿಯ ತೂಕ ಕೇಳುತ್ತೇವೆ.
ಉರುಕುಂದಪ್ಪನ ಕಾಟಾ ಅಂದರೆ
ರೈತನೂ ಸೇಟನೂ ಬಾಯಿ ಮುಚ್ಚುತ್ತಿದ್ದರಂತೆ;
ಕೊಸರು ಕೊಟ್ಟವನಲ್ಲ, ಕೊಸರು ಕೇಳಿದವನಲ್ಲ,
ಒಡಹುಟ್ಟಿದ ತಮ್ಮನಿಗೂ
ಸೇರಿನ ಬಾಯಿ ಅಂಗೈಯಿಂದ ಸವರಿ ಜೋಳ ಕೊಟ್ಟವನು.

ಮುಳ್ಳು ನೆಟ್ಟಗಿದೆ.
ಗುಲಗಂಜಿಯಷ್ಟೂ ಆಚೀಚೆ ಇಲ್ಲ.

ಎಷ್ಟು ಸಲ ನೋಡಿದ್ದೆನೋ ಇದನ್ನು,
ಒಲೆಯ ಹೊಗೆ ಕುಡಿದ ಗಾಜಿನೊಳಗಿಂದ.
ಮೊನ್ನೆ ಗಾಜು ಒಡೆದು, ಚೌಕಟ್ಟು ಬಿಚ್ಚಿದಾಗ ಕಂಡಿತು:
ತಟ್ಟೆಯ ಹಿಂದೆ, ಸರಪಳಿಯ ನೆರಳಲ್ಲಿ,
ಅಜ್ಜಿಯ ಸೆರಗು ಹಿಡಿದ ಒಂದು ಸಣ್ಣ ಮುಷ್ಟಿ.
ಕೆಳಕ್ಕೆ ಜಗ್ಗುತ್ತಿದೆ. ಗೆಣ್ಣು ಬೆಳ್ಳಗಾಗಿದೆ.
ನನ್ನವ್ವ, ಸುಂಕಮ್ಮ, ಆಗ ಏಳು ವರ್ಷ;
ಮುಖ ಮಾತ್ರ ಎಲ್ಲರ ಹಾಗೆ ಮುಳ್ಳಿನ ಕಡೆ.

ಹಿಂಬದಿಗೆ ಸೀಸದಕಡ್ಡಿಯಲ್ಲಿ ಅಜ್ಜನ ಅಕ್ಷರ,
ಮೂರು ಮಣ ಎರಡು ಸೇರು.
ಅದರ ಕೆಳಗೆ, ಇನ್ನೂ ಸಣ್ಣದಾಗಿ,
ಹುಡುಗಿಯ ಕೈ ಎರಡು ಸೇರು, ವಜಾ.

ಕಂಡಿತ್ತು ಅವನಿಗೆ.
ಕೈ ಬಿಡು ಅನ್ನಲಿಲ್ಲ.

ಹೋದ ವರ್ಷ ಕರ್ನೂಲಿನ ಆಸ್ಪತ್ರೆಯಲ್ಲಿ
ನಡು ಹಿಡಿದು ಅವ್ವನನ್ನು ತೂಕದ ಯಂತ್ರಕ್ಕೆ ಹತ್ತಿಸಿದೆ.
ಕೆಂಪು ಅಂಕಿಗಳು ನಡುಗಿ ನಡುಗಿ ನಿಂತವು,
ಮೂವತ್ತೆಂಟು.
ಫರವಾಲೇದು ಅಂದಳು ನರ್ಸು, ಬರೆದುಕೊಂಡಳು.
ಅವ್ವ ಒಂದು ಗಳಿಗೆ ಆ ಅಂಕಿಯನ್ನೇ ನೋಡಿ,
ಮೆಲ್ಲಗೆ ಹಿಂದೆ ತಿರುಗಿ,
ನನ್ನ ಕಾಲ ಹೆಬ್ಬೆರಳು ಎಲ್ಲಿದೆ ಅಂತ ನೋಡಿದಳು.