ಹತ್ತು ದಿನ

ಕಾರ್ತಿಕ ಬಹುಳ ಅಷ್ಟಮಿ.
ಅರಸೀಕೆರೆ ತಾಲ್ಲೂಕು ಆಸ್ಪತ್ರೆ, ಇಂಜೆಕ್ಷನ್ ಕೊಠಡಿ.
ವರ್ಷಕ್ಕೊಮ್ಮೆ ಈ ದಿನ ನನಗೆ ಕೈತುಂಬ ಕೆಲಸ:
ಊರು ನಾಯಿಗಳನ್ನು ಕರೆಕರೆದು ಉಣ್ಣಿಸುತ್ತದೆ,
ನಾಯಿಗಳಿಗೆ ಅದು ಅಭ್ಯಾಸವಿಲ್ಲ.

ಹತ್ತಕ್ಕೆ ಪರ್ವತಯ್ಯ ಬಂದರು,
ಬೆವರಿಗೆ ಕಲಸಿದ ವಿಭೂತಿ, ಅಂಗೈಗೆ ಸುತ್ತಿದ ಶಲ್ಯ,
ಶಲ್ಯದಲ್ಲಿ ಎಣ್ಣೆ, ರಕ್ತ,
ಉದ್ದಿನವಡೆಯದೊಂದು ಚೂರು.

ನಲ್ಲಿ ಕೆಳಗೆ ಹಿಡಿಯಿರಿ. ಸೋಪು ಹಚ್ಚಿ. ಹದಿನೈದು ನಿಮಿಷ.
ಅವರು ಗಡಿಯಾರ ನೋಡಲಿಲ್ಲ,
ಸ್ವಾಮಿಯ ನೂರೆಂಟು ನಾಮ ಹೇಳಿಕೊಂಡರು.
ಲೆಕ್ಕ ಸರಿಹೋಯಿತು.

ಸಾಕಿದ್ದೋ, ಬೀದಿಯದೋ?
ಪೆನ್ನು ಹಿಡಿದು ಕಾದೆ.
'ಸ್ವಾಮಿಯದು' ಅಂದರು, ಮೆಲ್ಲಗೆ.
ಕುಂಕುಮವಿಟ್ಟು ಕೊರಳಿಗೆ ವಡೆಸರ ಹಾಕಹೋದರಂತೆ.
ಸರ ಕಂಡರೆ ಅವಕ್ಕೆ ನೆನಪಾಗುವುದು ಬೇರೆ:
ಪುರಸಭೆಯ ವ್ಯಾನು, ತಂತಿಯ ಕುಣಿಕೆ.
'ಬೀದಿ' ಎಂದು ಬರೆದೆ.

ಅವರ ಗುಡಿಗೆ ನಾನೂ ಹೋಗಿದ್ದೇನೆ.
ಕೋರೆಹಲ್ಲು, ಬುರುಡೆಸರ, ಬೆತ್ತಲೆ ದೇವರು;
ಕೈಯ ರುಂಡದಿಂದ ತೊಟ್ಟಿಕ್ಕುವುದನ್ನು
ಕಾಲಬುಡದ ಕಲ್ಲುನಾಯಿ ಕತ್ತೆತ್ತಿ ನೆಕ್ಕುತ್ತದೆ.
ನಾನು ಮೊದಲು ನೋಡುವುದು ಆ ನಾಲಗೆ.
ಕಸುಬಿನ ಚಟ.

ಚೀಟಿ ಕೊಟ್ಟೆ: ಇವತ್ತು, ಮೂರಕ್ಕೆ, ಏಳಕ್ಕೆ, ಇಪ್ಪತ್ತೆಂಟಕ್ಕೆ.
ಮತ್ತೆ, ಹತ್ತು ದಿನ ಆ ನಾಯಿಯ ಮೇಲೆ ಕಣ್ಣಿಡಿ.
ಜೊಲ್ಲು ಸುರಿಸುತ್ತದೋ, ಮೇವು ಬಿಡುತ್ತದೋ,
ಸುಮ್ಮನೆ ಕತ್ತಲ ಮೂಲೆ ಸೇರುತ್ತದೋ.
ಅದು ಬದುಕಿದರೆ ನೀವು ಬದುಕಿದ ಹಾಗೆ.

'ಹತ್ತು ದಿನವೂ?'
ನಲವತ್ತು ವರ್ಷ ಪೂಜೆ ಮಾಡಿದವರು
ಒಂದು ನಾಯಿಯನ್ನು ಒಂದು ಹಗಲು ನೋಡಿದ್ದಿಲ್ಲ.

ಮೂರಕ್ಕೆ ಬಂದರು: 'ಎರಡನೇ ಪ್ಲಾಟ್‌ಫಾರಂ ತುದೀಲಿ ಮಲಗತ್ತೆ.
ಕೊಬ್ಬರಿ ಅಂದ್ರೆ ಪ್ರಾಣ.'
ಏಳಕ್ಕೆ: 'ಹೆಣ್ಣು ಕಣಮ್ಮ. ಬಲಗಿವಿ ಹರಿದಿದೆ.
ಮೈಸೂರು ಗಾಡಿ ಕೂಗಿದರೆ ಮಾತ್ರ
ಬಾಲ ಒಳಗೆಳೆದುಕೊಂಡು ನಡುಗತ್ತೆ.'
ತೋಳು ಚಾಚಿದ್ದರು, ಸೂಜಿಯ ಕಡೆ ಗಮನವಿಲ್ಲ.

ಒಂಬತ್ತನೇ ದಿನ ಬರಬೇಕಿರಲಿಲ್ಲ.
ಬಂದರು, ಬಾಗಿಲ ಚೌಕಟ್ಟು ಹಿಡಿದು ನಿಂತರು.
'ಬೆಳಗ್ಗೆಯಿಂದ ಕಾಣ್ತಿಲ್ಲ.'
ಈ ಭಯ ಯಾರಿಗಾಗಿ ಎಂದು ನಾನು ಕೇಳಲಿಲ್ಲ.
ಅದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಆ ರಾತ್ರಿ ಪಾಳಿ ಮುಗಿಸಿ
ಸ್ಟೇಷನ್ನಿನ ಕಡೆಯಿಂದ ಸುತ್ತಿಕೊಂಡು ಹೋದೆ.
ಮಂಜು. ಅಲುಗದೆ ನಿಂತ ಗೂಡ್ಸ್ ಗಾಡಿ.
ಅದರಾಚೆ ಹಳಿಯುದ್ದಕ್ಕೂ ಒಂದು ಟಾರ್ಚು,
ಒಡೆದ ದನಿ.
ಹೆಸರಿಟ್ಟಿರಲಿಲ್ಲ ಅದಕ್ಕೆ.
ಗೊತ್ತಿದ್ದ ಒಂದೇ ಹೆಸರಿನಿಂದ ಕರೆಯುತ್ತಿದ್ದರು,
ಭೈರವಾ, ಭೈರವಾ,
ಹೆಣ್ಣೆಂದು ನೆನಪಾಗಿ ನಡುವೆ ಒಮ್ಮೆ
ಭೈರವೀ.

ಯಾವುದೋ ಬೋಗಿಯಡಿ
ಏನೋ ಮೈ ಕೊಡವಿತು.