ಎಡಗಾಲು, ಬಲಗಾಲು

ವಿಸಿಟ್ ವೀಸಾದಲ್ಲಿ ಹತ್ತೊಂಬತ್ತು ದಿನ ಉಳಿದಿತ್ತು.
ಫೋನು ಬಂತು: ಸ್ಟೋರ್ ಕೀಪರ್ ಕೆಲಸ, ನಾಳೆ ಹತ್ತಕ್ಕೆ, ಟೈ ಕಟ್ಟಿ ಬನ್ನಿ.
ಟೈ ಮೋನಪ್ಪನದು. ಅವನಿಗೂ ಯಾರೋ ಕೊಟ್ಟದ್ದು.
ಶಾರ್ಜಾದ ರೋಲಾದಿಂದ ದೇರಾದವರೆಗೆ
ಸೀಟು ಖಾಲಿಯಿದ್ದರೂ ಬಸ್ಸಿನಲ್ಲಿ ನಿಂತೇ ಹೋದೆ,
ಇಸ್ತ್ರಿ ಕೆಡಬಾರದೆಂದು.

ನಾಲ್ಕನೇ ಮಹಡಿ. ಹಲ್ಲು ಕಟಕಟಿಸುವ ಎ.ಸಿ.
ಎಲ್ಲರ ತೊಡೆಯ ಮೇಲೂ ಪ್ಲಾಸ್ಟಿಕ್ ಫೈಲು.
ಗೋದಾಮಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.
ಮೊದಲು ಚಪ್ಪಾಳೆ ಬಂತು, ಆಮೇಲೆ ಹೆರಾಲ್ಡ್ ಸರ್ ಬಂದರು,
ಬಿಳಿ ಹಲಗೆಯ ಮೇಲೆ ಒಂದು ಸೊನ್ನೆ ಬರೆದು
"ಇದು ನೀವು" ಅಂದರು.
ಅವರು ಆಡಿದ ನಿಜ ಅದೊಂದೇ.

ಸೊನ್ನೆಯ ಕೆಳಗೆ ಎರಡು ಗೆರೆ:
"ಇದು ನಿಮ್ಮ ಎಡಗಾಲು, ಇದು ಬಲಗಾಲು.
ಒಂದೊಂದು ಕಾಲಿಗೆ ಒಬ್ಬೊಬ್ಬ ಮನುಷ್ಯ,
ಅವರವರ ಕಾಲಿಗೆ ಇನ್ನಿಬ್ಬಿಬ್ಬರು.
ಆಮೇಲೆ ನೀವು ಮಲಗಿ. ಕಾಲುಗಳೇ ನಡೆಯುತ್ತವೆ."

ನಾನು ಮಲಗುವುದು ಕೆಳಗಿನ ಮಂಚ,
ಎರಡೂವರೆ ಅಡಿ ಅಗಲ, ಪರದೆ ನನ್ನದೇ ಖರ್ಚು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು
ಅಲ್ಲಿ ಗಾದೆಯಲ್ಲ, ಬಾಡಿಗೆಯ ಕರಾರು.
ಇದ್ದೆರಡು ಕಾಲನ್ನೇ ಮಡಚಿಕೊಂಡು ಮಲಗುವವನಿಗೆ
ಸಾವಿರ ಕಾಲಿನ ಆಸೆ ಹುಟ್ಟಿತು.

ಸೇರಲು ಎರಡು ಸಾವಿರದ ಮುನ್ನೂರು ದಿರ್ಹಂ.
ಊರಲ್ಲಿ ಅಕ್ಕ ಬಳೆ ಬಿಚ್ಚಿದಳು.
ಇಲ್ಲಿ ನಾನೊಂದು ಬಳೆ ತೊಟ್ಟೆ,
ಅಯಸ್ಕಾಂತದ್ದು, ರಕ್ತ ಶುದ್ಧಿ ಮಾಡುತ್ತದಂತೆ.
ಮಣಿಕಟ್ಟು ಹಸಿರಾಯಿತು. "ವಿಷ ಹೊರಗೆ ಬರುತ್ತಿದೆ" ಅಂದರು.
ನಂಬಿದೆ. ಖುಷಿಯೂ ಆಯಿತು.

"ನೂರು ಹೆಸರು ಬರೆಯಿರಿ."
ಬರೆಯುತ್ತ ಹೋದೆ: ಭಾವ, ಭಾವನ ತಮ್ಮ,
ವಿಮಾನದಲ್ಲಿ ಪಕ್ಕ ಕೂತು ನಿದ್ದೆಹೋದ ಬಂಟ್ವಾಳದವರು,
ಚಹಾ ಕೊಡುವ ಕುಂಞಮ್ಮದ್, ಮುಲ್ತಾನಿನ ಕ್ಷೌರಿಕ.
ಅವನ ಹೆಸರು ಗೊತ್ತಿಲ್ಲ, ಕ್ಷೌರಿಕ ಎಂದೇ ಬರೆದೆ.
ನಲವತ್ತೊಂದಕ್ಕೆ ಪೆನ್ನು ನಿಂತಿತು.
ಇಷ್ಟೇ ಜನವಾ ನನಗೆ?

"ತಗೊಳ್ತೀರಾ ಅಂತ ಕೇಳಲೇಬೇಡಿ,
ಮನೆಯಲ್ಲಿ ಎಲ್ಲ ಹೇಗಿದ್ದಾರೆ ಅಂತ ಕೇಳಿ.
ಉತ್ತರ ಉದ್ದವಾದರೆ ಅಲ್ಲೇ ಬಾಗಿಲು."

ಮೋನಪ್ಪನದು ಮೇಲಿನ ಮಂಚ. ಎ.ಸಿ. ಡಕ್ಟಿನ ಕೆಲಸ.
ಬೆಳಗಿನ ನಾಲ್ಕೂವರೆಗೆ ಏಣಿಯಿಂದ ಮೊದಲು ಇಳಿಯುವುದು
ಅವನ ಬಲಗಾಲು, ನನ್ನ ಮುಖದ ಎದುರಿಗೆ,
ಒಡೆದ ಹಿಮ್ಮಡಿ, ಬಿರುಕಿನಲ್ಲಿ ಸಿಮೆಂಟು.
ಒಂದು ರಾತ್ರಿ ಕೇಳಿದೆ,
"ಮನೆಯಲ್ಲಿ ಎಲ್ಲ ಹೇಗಿದ್ದಾರೆ ಮಾರಾಯ?"
ಅದುವರೆಗೆ ನಾನದನ್ನು ಕೇಳಿರಲಿಲ್ಲ.
ಅವನು ಎದ್ದು ಕೂತ. ಮಗಳ ಕಿವಿಯ ಮಿಷನ್,
ಅದರ ಬ್ಯಾಟರಿ, ಶಾಲೆಯಲ್ಲಿ ಅವಳನ್ನು ಕೂರಿಸುವ ಬೆಂಚು,
ಮಳೆಯ ಸದ್ದು ಅವಳಿಗೆ ಹೇಗೆ ಕೇಳುತ್ತದೋ ಎಂಬುದು.
ಗಂಟೆ ಒಂದಾಗಿತ್ತು. ನಾನು ಬಾಗಿಲು ನೋಡುತ್ತಿದ್ದೆ.

ಅವನು ನನ್ನ ಬಲಗಾಲಾದ.
ಎಡಗಾಲು ಸಿಗಲೇ ಇಲ್ಲ.
ಪ್ರತಿ ಗುರುವಾರ ನನ್ನನ್ನು ಎದ್ದು ನಿಲ್ಲಿಸಿ
"ನೋಡಿ, ಕುಂಟ" ಅನ್ನುತ್ತಿದ್ದರು,
ಸಭೆ ನಗುತ್ತಿತ್ತು, ನಾನೂ ನಗುತ್ತಿದ್ದೆ,
ಮೂರನೆಯ ಸಾಲಿನಲ್ಲಿ ಮೋನಪ್ಪ ನಗುತ್ತಿರಲಿಲ್ಲ,
ನೋಟು ಪುಸ್ತಕದಲ್ಲಿ ಎಲ್ಲ ಬರೆದುಕೊಳ್ಳುತ್ತಿದ್ದ.

ಒಂದು ಗುರುವಾರ ಹೋದಾಗ
ನಾಲ್ಕನೇ ಮಹಡಿಯಲ್ಲಿ ಕಾರ್ಪೆಟ್ಟಿನ ಗುರುತಷ್ಟೇ ಇತ್ತು.
ಮೋನಪ್ಪ ದುಡ್ಡಿನ ಮಾತೆತ್ತಲಿಲ್ಲ.
ಬೈದಿದ್ದರೆ ಕಾಲು ಹಿಡಿಯಬಹುದಿತ್ತು.

ನಿನ್ನೆ ರಾತ್ರಿ ದೀಪ ಆರಿದ ಮೇಲೆ ಮೇಲಿನಿಂದ ಅವನ ದನಿ:
"ನಿನ್ನ ಮನೆಯಲ್ಲಿ ಎಲ್ಲ ಹೇಗಿದ್ದಾರೆ?"

ಕೇಳಿದ್ದು ಮೋನಪ್ಪನೋ, ಆ ನೋಟು ಪುಸ್ತಕವೋ.
ಅಕ್ಕನ ಬರಿಗೈ ಗಂಟಲವರೆಗೆ ಬಂತು.
"ಚೆನ್ನಾಗಿದ್ದಾರೆ" ಅಂದೆ.
ಮೇಲೆ ಮಂಚ ಕಿರುಗುಟ್ಟಿತು.
ಅವನು ಮಗ್ಗುಲು ಬದಲಿಸಿದನೋ, ಇನ್ನೂ ಕಾಯುತ್ತಿದ್ದನೋ.